ಕ್ವಾರಿ ಬ್ಲಾಸ್ಟ್‌ನಿಂದ ಮನೆ ಬಿರುಕು ಬಿಟ್ಟಿದೆ ಅಂತ ದೂರು ಕೊಟ್ಟರೆ ತನಿಖೆ ಹೇಗೆ ಮಾಡುತ್ತಾರೆ?

ಸುಮ್ನೆ ಬಂದು ಗೋಡೆ ನೋಡಿ ಹೋದರೆ ಅದು ತನಿಖೆ ಅಲ್ಲ, ಅಳತೆ ಆಗಬೇಕು. ದೂರನ್ನು ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಕೊಡಿ. ಗಣಿ ಸುರಕ್ಷತೆ ನೋಡಿಕೊಳ್ಳುವುದು ಕೇಂದ್ರದ ಡಿಜಿಎಂಎಸ್ (ಗಣಿ ಸುರಕ್ಷತಾ ಮಹಾನಿರ್ದೇಶನಾಲಯ), ಅವರಿಗೂ ಒಂದು ಪ್ರತಿ ಕಳಿಸಿ.

ಮನೆ ಪಕ್ಕದ ನೆಲದಲ್ಲಿ ಸೈಸ್ಮೋಗ್ರಾಫ್ ಇಟ್ಟು, ಬ್ಲಾಸ್ಟ್ ಆದಾಗ ನೆಲ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ, ಎಷ್ಟು ಹರ್ಟ್ಸ್‌ನಲ್ಲಿ (ಅಂದರೆ ಸೆಕೆಂಡಿಗೆ ಎಷ್ಟು ಸಲ) ಅದುರಿತು ಅಂತ ಅಳೆಯುತ್ತಾರೆ. ಡಿಜಿಎಂಎಸ್‌ನ 1997ರ ಸುತ್ತೋಲೆ ಪ್ರಕಾರ ಗಣಿ ಮಾಲೀಕರದ್ದಲ್ಲದ ಸಾಮಾನ್ಯ ಮನೆಗೆ, 8 ಹರ್ಟ್ಸ್‌ಗಿಂತ ಕಡಿಮೆ ಇದ್ದರೆ ಸೆಕೆಂಡಿಗೆ 5 ಮಿ.ಮೀ., 8ರಿಂದ 25 ಹರ್ಟ್ಸ್‌ವರೆಗೆ 10 ಮಿ.ಮೀ., ಅದಕ್ಕೂ ಜಾಸ್ತಿ ಇದ್ದರೆ 15 ಮಿ.ಮೀ. ಮಿತಿ. ನಿಧಾನವಾದ, ಅಂದರೆ ಕಡಿಮೆ ಹರ್ಟ್ಸ್‌ನ ಅದುರಾಟವೇ ಮನೆಗೆ ಜಾಸ್ತಿ ಅಪಾಯ, ಅದಕ್ಕೇ ಅಲ್ಲಿ ಮಿತಿ ಬಿಗಿ.

ಅಳೆಯುವ ದಿನ ಮೊದಲೇ ಗೊತ್ತಿದ್ದರೆ ಅವತ್ತು ಮದ್ದು ಕಡಿಮೆ ತುಂಬಬಹುದು, ಅಲ್ವಾ? ಹಾಗಾಗಿ ಹಳೆಯ ಬ್ಲಾಸ್ಟಿಂಗ್ ದಾಖಲೆ ಜೊತೆ ಹೋಲಿಸಿ ನೋಡಿ ಅಂತ ದೂರಿನಲ್ಲೇ ಬರೆಯಿರಿ: ಎಷ್ಟು ಕುಳಿ ಕೊರೆದಿದ್ದರು, ಒಂದೇ ಡಿಲೇಯಲ್ಲಿ (ಕುಳಿಗಳನ್ನು ಸ್ವಲ್ಪ ಸ್ವಲ್ಪ ಅಂತರ ಬಿಟ್ಟು ಸಿಡಿಸುವಾಗ ಒಂದೇ ಕ್ಷಣಕ್ಕೆ) ಸಿಡಿದ ಮದ್ದು ಎಷ್ಟು ಕೆಜಿ. ಒಟ್ಟು ಮದ್ದಿಗಿಂತ ಈ ಲೆಕ್ಕವೇ ಮುಖ್ಯ. ನೀವೂ ಪ್ರತಿ ಬ್ಲಾಸ್ಟಿನ ದಿನ, ಗಂಟೆ ಬರೆದಿಡಿ. ಬಿರುಕಿನ ಪಕ್ಕ ಸ್ಕೇಲ್ ಹಿಡಿದು ಫೋಟೋ ತೆಗೆಯಿರಿ, ತಿಂಗಳು ಬಿಟ್ಟು ಅದೇ ಜಾಗದಲ್ಲಿ ಮತ್ತೆ ತೆಗೆಯಿರಿ.