ಎಲ್ಲರಿಗೂ ಒಂದೇ ‘ಇಂತಿ’ ಸಾಲದು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ನಮ್ಮೂರ ಮಹಿಳಾ ಸಮಾಜದ ಕಾರ್ಯದರ್ಶಿ. ಲ್ಯಾಪ್‌ಟಾಪಿನಲ್ಲಿ ಈಮೇಲಿಗೆ ಥಂಡರ್‌ಬರ್ಡ್ ಎಂಬ ಪ್ರೋಗ್ರಾಮ್ ಬಳಸುತ್ತೇನೆ. ಸಮಾಜದ ಹೆಸರು, ವಿಳಾಸ ಇರುವ ಸಹಿ ಮಗಳಿಗೆ ಬರೆದ ಪತ್ರಕ್ಕೂ ಅಂಟಿಕೊಂಡು ಹೋಗುತ್ತದೆ. ಯಾರಿಗಾದರೂ ಉತ್ತರ ಬರೆದರೆ ಸಹಿ ಅವರ ಹಳೇ ಪತ್ರದ ಕೆಳಗೆಲ್ಲೋ ಹೋಗಿ ಕೂರುತ್ತದೆ. ಆ ಸಹಿಯನ್ನು ಅಳಿಯ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಎಚ್‌ಟಿಎಂಎಲ್ (ವೆಬ್ ಪುಟದ ಬಗೆಯ) ಫೈಲಾಗಿ ಜೋಡಿಸಿದ್ದ. ನನಗೆ ಸರಿಯಾಗಿಯೇ ಕಾಣುತ್ತದೆ, ಕೆಲವರಿಗೆ ಗಜಿಬಿಜಿಯಂತೆ. ಏನು ಮಾಡಲಿ?
– ಓದುಗರೊಬ್ಬರು, ಸಾಗರ

ಉತ್ತರ: ನಮಸ್ಕಾರ ಮೇಡಂ. ಶಾಲೆಯಲ್ಲಿ ಪತ್ರಲೇಖನ ಕಲಿಸುವಾಗ ಮುಖ್ಯೋಪಾಧ್ಯಾಯರಿಗೆ ‘ಇಂತಿ ತಮ್ಮ ವಿಧೇಯ’, ಗೆಳತಿಗೆ ‘ಇಂತಿ ನಿನ್ನ ಪ್ರೀತಿಯ’ ಎಂದು ಮಕ್ಕಳಿಂದ ಬರೆಸಿರುತ್ತೀರಿ. ಈಮೇಲಿಗೂ ಅದೇ ಬೇಕು. ನನಗಿದು ತಡವಾಗಿ ತಿಳಿಯಿತು. ನಮ್ಮ ಸೋದರಮಾವ ತೀರಿಕೊಂಡಾಗ ಅತ್ತೆಗೆ ನಾಲ್ಕು ಸಾಲು ಬರೆದು ಕಳಿಸಿದೆ. ಆಮೇಲೆ ತೆಗೆದು ನೋಡಿದರೆ, ನನ್ನ ಹೆಸರಿನ ಕೆಳಗೆ ‘ಕಂಪ್ಯೂಟರ್ ತರಗತಿಗೆ ಪ್ರವೇಶ ಆರಂಭವಾಗಿದೆ, ಬೇಗ ಬನ್ನಿ’ ಎಂದಿತ್ತು. ಅತ್ತೆ ಏನೂ ಅನ್ನಲಿಲ್ಲ. ನನಗೆ ಮಾತ್ರ ಆ ಸಾಲು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಥಂಡರ್‌ಬರ್ಡಿನ ‘ಅಕೌಂಟ್ ಸೆಟ್ಟಿಂಗ್ಸ್’ಗೆ ಹೋಗಿ. ನಿಮ್ಮ ಖಾತೆಯ ಪುಟದಲ್ಲಿ ‘ಮ್ಯಾನೇಜ್ ಐಡೆಂಟಿಟೀಸ್’ ಎಂಬ ಗುಂಡಿ ಇದೆ. ಅದನ್ನೊತ್ತಿ ಇನ್ನೊಂದು ಐಡೆಂಟಿಟಿ, ಅಂದರೆ ಅದೇ ಖಾತೆಗೆ ಬೇರೆ ಹೆಸರು, ಸಹಿ ಇರುವ ಇನ್ನೊಂದು ಮುಖ, ಸೇರಿಸಿ. ಈಮೇಲ್ ವಿಳಾಸ ಅದೇ ಇರಲಿ, ಅಡ್ಡಿಯಿಲ್ಲ; ಒಂದರಲ್ಲಿ ಸಮಾಜದ ಸಹಿ, ಇನ್ನೊಂದರಲ್ಲಿ ಬರೀ ‘ಅಮ್ಮ’. ಪತ್ರ ಬರೆಯುವ ಕಿಟಕಿಯ ಮೇಲ್ಗಡೆ ‘ಫ್ರಮ್’ ಎಂದಿರುವಲ್ಲಿ ಒತ್ತಿ ಬೇಕಾದ ಹೆಸರು ಆರಿಸಿದರೆ ಕೆಳಗಿನ ಸಹಿಯೂ ತಾನಾಗಿ ಬದಲಾಗುತ್ತದೆ. ಕಳಿಸುವ ಮುಂಚೆ ಅಲ್ಲೊಮ್ಮೆ ಕಣ್ಣು ಹಾಯಿಸುವುದನ್ನು ರೂಢಿ ಮಾಡಿಕೊಳ್ಳಿ.

ಉತ್ತರದಲ್ಲಿ ಸಹಿ ಕೆಳಕ್ಕೆ ಹೋಗುವುದಕ್ಕೆ ಮದ್ದು ಅದೇ ಸೆಟ್ಟಿಂಗ್ಸಿನ ‘ಕಂಪೋಸಿಷನ್ ಅಂಡ್ ಅಡ್ರೆಸಿಂಗ್’ನಲ್ಲಿದೆ. ಮೊದಲು ಉತ್ತರವು ಹಳೇ ಪತ್ರದ ಮೇಲೆ ಶುರುವಾಗಲಿ ಎಂದು ಆರಿಸಿ, ಆಮೇಲೆ ಸಹಿ ಉತ್ತರದ ಕೆಳಗೇ ಬರಲಿ ಎಂದು ಆರಿಸಿ. ಎರಡನೇ ಐಡೆಂಟಿಟಿಗೆ ಇದನ್ನು ಬೇರೆಯಾಗಿಯೇ ಮಾಡಬೇಕು, ಅದಕ್ಕೆ ಅದರದೇ ಸೆಟ್ಟಿಂಗ್ ಇದೆ. ಹೊಸ ಪತ್ರದಲ್ಲಿ ಸಹಿಯ ಮೇಲೆ ಎರಡು ಅಡ್ಡಗೆರೆ ಕಂಡರೆ ಅಳಿಸಬೇಡಿ. ಎರಡು ಗೆರೆ, ಒಂದು ಖಾಲಿ ಜಾಗ: ಇದು ಯೂಸ್‌ನೆಟ್ ಎಂಬ ಹಳೇ ಚರ್ಚಾಕೂಟಗಳ ಕಾಲದಿಂದ ಬಂದ ಗುರುತು. ಅದರಿಂದ ಕೆಳಗಿನದು ಸಹಿ ಎಂದು ಮೇಲ್ ಪ್ರೋಗ್ರಾಮಿಗೆ ಗೊತ್ತಾಗುತ್ತದೆ. ನಿಮ್ಮ ಪತ್ರಕ್ಕೆ ಥಂಡರ್‌ಬರ್ಡಿನಲ್ಲೇ ಉತ್ತರಿಸುವವರಿಗೆ ಆ ಭಾಗವನ್ನು ಅದು ಕೈಬಿಡುತ್ತದೆ, ಹಾಗಾಗಿ ಪತ್ರ ಬಾಲದಂತೆ ಬೆಳೆಯುವುದಿಲ್ಲ.

ಇನ್ನು ಗಜಿಬಿಜಿ. ನಿಮ್ಮ ಅಳಿಯ ಟೈಪ್ ಮಾಡಿದ್ದು ನುಡಿಯ ಹಳೆಯ ಆಸ್ಕಿ ಬಗೆಯಲ್ಲಿ ಇರಬೇಕು. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದವರಿಗೆ ತಲೆ ಮೇಲೆ ಗೆರೆ ಹೊತ್ತ ಇಂಗ್ಲಿಷ್ ‘ಎ’ಗಳು ಸಾಲಾಗಿ ಕಾಣುತ್ತವೆ. ಅದು ನಿಮ್ಮ ಹೆಸರು ಎಂದು ಯಾರಿಗೂ ತಿಳಿಯುವುದಿಲ್ಲ, ಹುಡುಕಿದರೂ ಸಿಗುವುದಿಲ್ಲ. ಗಜಿಬಿಜಿಯ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡಿದ್ದರೆ ಕಾಯಿಲೆ ಬೇರೆ: ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಕನ್ನಡವನ್ನೇ ಬರೆದು, ಫೈಲನ್ನು ಉಳಿಸುವಾಗ ಅದಕ್ಕೆ ಹೊಂದುವ ಯುಟಿಎಫ್-8 ಬದಲು ಕನ್ನಡಕ್ಕೆ ಜಾಗವಿಲ್ಲದ ಆನ್ಸಿ ಎಂಬ ಬಗೆ ಆರಿಸಿದ್ದಾರೆ ಎಂದರ್ಥ.

ಫೈಲಿನ ಸಹವಾಸವೇ ಬೇಡ. ಖಾತೆಯ ಪುಟದಲ್ಲಿ ‘ಅಟ್ಯಾಚ್ ದ ಸಿಗ್ನೇಚರ್ ಫ್ರಮ್ ಎ ಫೈಲ್’ ಎಂಬಲ್ಲಿನ ಗುರುತು ತೆಗೆಯಿರಿ. ಅದು ಇರುವವರೆಗೆ ‘ಸಿಗ್ನೇಚರ್ ಟೆಕ್ಸ್ಟ್’ ಚೌಕದಲ್ಲಿ ಏನು ಬರೆದರೂ ನಡೆಯುವುದಿಲ್ಲ. ಆಮೇಲೆ ನುಡಿಯನ್ನು ಯುನಿಕೋಡಿಗೆ ತಿರುಗಿಸಿಕೊಂಡು, ಇಲ್ಲವೇ ವಿಂಡೋಸಿನ ಕನ್ನಡ ಕೀಲಿಮಣೆಯಲ್ಲಿ, ಆ ಚೌಕದಲ್ಲೇ ನೇರ ಬರೆಯಿರಿ. ನಾಲ್ಕು ಸಾಲು ಮೀರದಿರಲಿ. 1995ರ ಆರ್‌ಎಫ್‌ಸಿ 1855 ಎಂಬ ಇಂಟರ್‌ನೆಟ್ ಶಿಷ್ಟಾಚಾರದ ಕೈಪಿಡಿ ಹೇಳಿದ್ದೂ ಅಷ್ಟೇ. ಹೆಸರು, ಸಮಾಜ, ಊರು, ಫೋನು.

ಮೊದಲ ಪತ್ರವನ್ನು ಮಗಳಿಗೇ ಕಳಿಸಿ. ಅವಳ ಫೋನಿನಲ್ಲಿ ‘ಅಮ್ಮ’ ಎಂದು ನೆಟ್ಟಗೆ ಕಂಡಿತೇ ಎಂದು ಕೇಳಿ.