ಪೆಟ್ಟಿಗೆ ತಣ್ಣಗಿದ್ದರೂ ರಕ್ತದ ಚೀಲಗಳನ್ನು ಏಕೆ ಬೇಡವೆಂದರು?

ಮೂರು ಗಂಟೆ ಪ್ರಯಾಣ ಮಾಡಿ ತಲುಪಿಸಿದ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಕರಗಿಯೇ ಇರಲಿಲ್ಲ, ಆದರೂ ದಾರಿಯುದ್ದಕ್ಕೂ ಉಷ್ಣಾಂಶ ಬರೆದಿಡುವ ಲಾಗರ್ ಎಂಬ ಸಾಧನದ ಕೆಂಪು ದೀಪ ನೋಡಿ ಆರು ಚೀಲ ರಕ್ತವನ್ನು ಬಳಸುವುದಿಲ್ಲ ಎಂದರು, ಇದು ಅತಿಯಾಯಿತಲ್ಲವೇ ಎಂದು ಕೇಳಿದ್ದೀರಿ. ರಕ್ತನಿಧಿಯಲ್ಲಿ ಇಂಥ ಪೆಟ್ಟಿಗೆಗಳನ್ನು ತೆರೆದು ನೋಡುವುದೇ ನನ್ನ ಕೆಲಸ. ನಾನಿದ್ದರೂ ಆ ಆರನ್ನು ಪಕ್ಕಕ್ಕಿಡುತ್ತಿದ್ದೆ. ಮಂಜುಗಡ್ಡೆ ಕರಗಿರಲಿಲ್ಲ ಎಂಬ ನಿಮ್ಮ ಮಾತಿಗೇ ನನ್ನ ಕಿವಿ ನೆಟ್ಟಗಾಯಿತು.

ರಕ್ತ ಬಿಸಿಯಾದರೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅತಿಯಾಗಿ ತಣ್ಣಗಾದರೂ ಕೆಡುತ್ತದೆ ಎಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಕೆಂಪು ಕಣಗಳನ್ನು ಇಡುವುದು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಾಗಿಸುವಾಗ 10ರವರೆಗೆ ಸಡಿಲಿಕೆ ಉಂಟು. ಕೆಳಗಿನ ಗಡಿಗೆ ಅಂಥ ಸಡಿಲಿಕೆ ಇಲ್ಲ. ಮಂಜುಗಡ್ಡೆಯಂತೆ ಹೆಪ್ಪುಗಟ್ಟಿದರೆ ಕಣಗಳು ಒಡೆಯುತ್ತವೆ. ಒಳಗಿನ ಹಿಮೋಗ್ಲೋಬಿನ್, ಪೊಟ್ಯಾಸಿಯಂ ಹೊರಗೆ ಸುರಿಯುತ್ತವೆ. ಅದನ್ನು ರೋಗಿಗೆ ಕೊಟ್ಟರೆ ಮೂತ್ರಪಿಂಡಕ್ಕೆ ಏಟು.

ಒಮ್ಮೆ ನನ್ನ ಮುಂದೆ ಬಂದ ಪೆಟ್ಟಿಗೆಯಲ್ಲಿ ಎಲ್ಲವೂ 4 ಡಿಗ್ರಿಯಲ್ಲಿತ್ತು. ಲಾಗರ್‌ನ ಗೆರೆ ಮಾತ್ರ ದಾರಿಯ ನಡುವೆ ಸೊನ್ನೆಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಬಂದಿತ್ತು. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕ್‌ಗೆ ಒಂದು ಚೀಲ ಅಂಟಿಕೊಂಡಿತ್ತು. ಅದನ್ನು ರಾತ್ರಿಯಿಡೀ ನೆಟ್ಟಗೆ ನಿಲ್ಲಿಸಿಟ್ಟೆವು. ಬೆಳಿಗ್ಗೆ ಕಣಗಳು ತಳಕ್ಕಿಳಿದಾಗ ಮೇಲಿನ ತಿಳಿಯಲ್ಲಿ ಸ್ಪಷ್ಟ ಕೆಂಪು ಬಣ್ಣ. ಹಿಂದಿನ ದಿನ ಆ ಚೀಲಕ್ಕೂ ಪಕ್ಕದ ಚೀಲಕ್ಕೂ ಕಣ್ಣಿಗೆ ಯಾವ ವ್ಯತ್ಯಾಸವೂ ಕಂಡಿರಲಿಲ್ಲ.

ಪೆಟ್ಟಿಗೆ ಮುಟ್ಟಿ ನೋಡಿದರೆ ಈ ಕ್ಷಣದ ಸ್ಥಿತಿ ತಿಳಿಯುತ್ತದೆ, ಕಳೆದ ಮೂರು ಗಂಟೆಯದ್ದಲ್ಲ. ಬಿಸಿಯ ಕಥೆಯೂ ಹಾಗೆಯೇ. ರಕ್ತ ತೆಗೆಯುವಾಗ ಚರ್ಮದಿಂದ ನಾಲ್ಕಾರು ಬ್ಯಾಕ್ಟೀರಿಯಾ ಸೇರಿದ್ದರೆ, ಚೀಲ ಬೆಚ್ಚಗಾದ ಹೊತ್ತಿನಲ್ಲಿ ಅವು ಬೆಳೆಯುತ್ತವೆ. ಆಮೇಲೆ ತಣ್ಣಗೆ ಮಾಡಿದರೆ ಬೆಳೆದದ್ದು ಅಳಿಯುವುದಿಲ್ಲ. ಯೆರ್ಸಿನಿಯಾದಂಥ ಕೆಲವಂತೂ ಫ್ರಿಜ್ಜಿನ ತಂಪಿನಲ್ಲೇ ಬೆಳೆಯುವ ಜಾತಿ. ಅದಕ್ಕಾಗಿಯೇ ಫ್ರಿಜ್‌ನಿಂದ ಹೊರಬಂದ ಚೀಲ 30 ನಿಮಿಷ ದಾಟಿದರೆ ವಾಪಸ್ ಇಡಬಾರದು ಎಂಬ ರೂಢಿ ಬಹುಕಾಲದಿಂದ ಇದೆ.

ಫ್ರಿಜ್ಜಿನಲ್ಲೂ ಬರಿಯ ಗಾಳಿಯ ಉಷ್ಣಾಂಶ ಅಳೆದು ಸುಮ್ಮನಾಗುವುದಿಲ್ಲ. ಬಾಗಿಲು ತೆರೆದ ಕೂಡಲೇ ಗಾಳಿ ಬೆಚ್ಚಗಾಗುತ್ತದೆ, ರಕ್ತ ನಿಧಾನವಾಗಿ. ಹಾಗಾಗಿ ಸಂವೇದಕವನ್ನು ಗ್ಲಿಸರಾಲ್ ಬೆರೆಸಿದ ನೀರಿನ ಬಾಟಲಿಯಲ್ಲಿ ಮುಳುಗಿಸಿಡುತ್ತೇವೆ, ಅದು ಚೀಲದಷ್ಟೇ ನಿಧಾನವಾಗಿ ಬದಲಾಗಲಿ ಎಂದು. ಅಲಾರಾಂ ನಿಜಕ್ಕೂ ಕೂಗುತ್ತದೆಯೇ ಎಂದು ಆಗಾಗ ಐಸ್ ನೀರಿಗೆ ಅದ್ದಿ ಪರೀಕ್ಷಿಸುವುದೂ ಉಂಟು. ಕೂಗದ ಅಲಾರಾಂ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ಇಲ್ಲದಿದ್ದರೆ ಕನಿಷ್ಠ ಎಚ್ಚರವಾದರೂ ಇರುತ್ತದೆ.

ಪ್ಲೇಟ್‌ಲೆಟ್‌ಗಳದು ತದ್ವಿರುದ್ಧ: 20ರಿಂದ 24 ಡಿಗ್ರಿಯಲ್ಲಿ ಮೆಲ್ಲಗೆ ಅಲುಗಾಡುತ್ತಲೇ ಇರಬೇಕು. ತಣ್ಣಗಾದರೆ ಬಿಲ್ಲೆಯಾಕಾರ ಕಳೆದುಕೊಳ್ಳುತ್ತವೆ, ರೋಗಿಯ ದೇಹ ಅವನ್ನು ಬೇಗ ಹೊರಹಾಕುತ್ತದೆ. ಅವನ್ನು ಕೆಂಪು ಕಣಗಳ ಪೆಟ್ಟಿಗೆಗೆ ಎಂದೂ ಸೇರಿಸಬೇಡಿ. ರಕ್ತದ ದ್ರವಭಾಗವಾದ ಪ್ಲಾಸ್ಮಾ ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಯೇ ಇರಬೇಕು. ಅದಕ್ಕೊಂದು ಹಳೆಯ ಉಪಾಯವಿದೆ: ಚೀಲಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಹೆಪ್ಪುಗಟ್ಟಿಸಿ, ಆಮೇಲೆ ಬ್ಯಾಂಡ್ ತೆಗೆಯುವುದು. ನಡುವೆ ಬಿದ್ದ ಸೊಂಟದ ಗುರುತು ಅಳಿಸಿಹೋಗಿದ್ದರೆ ದಾರಿಯಲ್ಲಿ ಕರಗಿತ್ತು ಎಂದರ್ಥ. ಲಾಗರ್ ಇಲ್ಲದೆಯೂ ಸುಳ್ಳು ಹೇಳದ ಸಾಕ್ಷಿ ಅದು.

ಲಾಗರ್ ಹೇಳಿದ್ದೆಲ್ಲ ವೇದವಾಕ್ಯ ಎನ್ನುತ್ತಿಲ್ಲ. ಅದು ತಾನು ಕುಳಿತ ಜಾಗದ ಉಷ್ಣಾಂಶವನ್ನಷ್ಟೇ ಬರೆಯುತ್ತದೆ. ಐಸ್ ಪ್ಯಾಕ್‌ನ ಮೇಲೇ ಇಟ್ಟಿದ್ದರೆ ಚೀಲಗಳು ಸರಿಯಿದ್ದರೂ ದೀಪ ಕೆಂಪಾಗಬಹುದು. ಆದರೆ ಹಾಗೇ ಆಯಿತೆಂದು ಸಾಬೀತು ಮಾಡಲಾಗದಿದ್ದರೆ ರೋಗಿಯ ಮೇಲೆ ಪ್ರಯೋಗ ಮಾಡುವಂತಿಲ್ಲ.

ಆ ಪ್ರಯಾಣದ ಗ್ರಾಫ್ ಅವರ ಬಳಿ ಇರುತ್ತದೆ, ಕೇಳಿ ನೋಡಿ. ಗೆರೆ ಕೆಳಗಿಳಿದಿದ್ದರೆ ತಪ್ಪು ಪೆಟ್ಟಿಗೆ ತುಂಬಿದವರದು: ಐಸ್ ಪ್ಯಾಕ್‌ಗಳನ್ನು ಬೆವರುವವರೆಗೆ ಹೊರಗಿಟ್ಟು, ಚೀಲಕ್ಕೂ ಅದಕ್ಕೂ ನಡುವೆ ರಟ್ಟು ಇಡಬೇಕಿತ್ತು, ಲಾಗರನ್ನು ಚೀಲಗಳ ಮಧ್ಯೆ ಇಡಬೇಕಿತ್ತು. ಗೆರೆ ಮೇಲೇರಿದ್ದರೆ ಎಷ್ಟು ಹೊತ್ತಿಗೆ ಏರಿತು ಎಂದು ನೋಡಿ, ಆಗ ವಾಹನ ಎಲ್ಲಿತ್ತು, ಮುಚ್ಚಳ ಯಾರು ತೆರೆದರು ಎಂಬುದು ನಿಮಗೇ ನೆನಪಾಗುತ್ತದೆ.