ಇಂಗ್ಲೆಂಡಿನ ಮನೆಗೆ ಎಲೆಕ್ಟ್ರಿಷಿಯನ್ ಕರೆಸುವ ಮೊದಲು

ನೀವು ಬರೆದದ್ದು ಓದಿದೆ. ಇಂಗ್ಲೆಂಡಿಗೆ ಬಂದು ಎರಡು ತಿಂಗಳು, ಬಾಡಿಗೆ ಮನೆ. ಊರಿಂದ ತಂದ ಮಿಕ್ಸಿ ಹಾಕಿದರೆ ಅಡುಗೆಮನೆಯ ಪ್ಲಗ್ ಪಾಯಿಂಟುಗಳೆಲ್ಲ ಒಟ್ಟಿಗೆ ಹೋಗುತ್ತವೆ, ಬಚ್ಚಲಿನ ದೀಪ ಬಲ್ಬ್ ಬದಲಿಸಿದರೂ ಉರಿಯುತ್ತಿಲ್ಲ. ಒಳ್ಳೆಯ ಎಲೆಕ್ಟ್ರಿಷಿಯನ್‌ನನ್ನು ಎಲ್ಲಿ ಹುಡುಕುವುದು, ಮೋಸ ಹೋಗದೆ ದುಡ್ಡು ಕೊಡುವುದು ಹೇಗೆ, ಮುಂದಿನ ವರ್ಷ ಸ್ವಂತ ಮನೆ ತೆಗೆದುಕೊಂಡರೆ ಏನು ನೋಡಬೇಕು ಎಂದು ಕೇಳಿದ್ದೀರಿ. ಎಲ್ಲಕ್ಕಿಂತ ಮೊದಲು ಹೇಳಿಬಿಡುತ್ತೇನೆ: ಈಗಿರುವ ಮನೆಗೆ ನೀವು ಎಲೆಕ್ಟ್ರಿಷಿಯನ್ ಹುಡುಕಲೇಬೇಡಿ. ಅದು ನಿಮ್ಮ ಕೆಲಸವೂ ಅಲ್ಲ, ನಿಮ್ಮ ಖರ್ಚೂ ಅಲ್ಲ.

ಊರಲ್ಲಾದರೆ ಕರೆಂಟು ಹೋದ ತಕ್ಷಣ ಲೈನ್‌ಮನ್‌ಗೋ ಪರಿಚಯದ ವೈರಿಂಗ್ ಹುಡುಗನಿಗೋ ಫೋನು ಹೋಗುತ್ತದೆ. ಇಲ್ಲಿ ಫೋನು ಎತ್ತುವ ಮೊದಲು ಕೆಟ್ಟಿರುವ ಭಾಗ ಯಾರಿಗೆ ಸೇರಿದ್ದು ಎಂದು ತಿಳಿದುಕೊಳ್ಳಬೇಕು. ಅಕ್ಕಪಕ್ಕದ ಮನೆಗಳಲ್ಲೂ ಕತ್ತಲೆಯಿದ್ದರೆ ತೊಂದರೆ ಬೀದಿಯ ತಂತಿಯಲ್ಲಿದೆ. 105ಕ್ಕೆ ಫೋನು ಮಾಡಿ, ಕಾಸು ಖರ್ಚಿಲ್ಲ. ಬೆಸ್ಕಾಂನಲ್ಲಿ ಬಿಲ್ಲೂ ಲೈನೂ ಒಂದೇ ಕಡೆ. ಇಲ್ಲಿ ನಿಮಗೆ ಬಿಲ್ ಕಳಿಸುವ ಕಂಪನಿ ಬೇರೆ, ತಂತಿ ನೋಡಿಕೊಳ್ಳುವ ಕಂಪನಿ ಬೇರೆ. ಲಂಡನ್, ಆಗ್ನೇಯ ಮತ್ತು ಪೂರ್ವ ಇಂಗ್ಲೆಂಡಿಗೆ ಯುಕೆ ಪವರ್ ನೆಟ್‌ವರ್ಕ್ಸ್, ಮಿಡ್‌ಲ್ಯಾಂಡ್ಸ್‌ಗೆ ನ್ಯಾಷನಲ್ ಗ್ರಿಡ್, ಹೀಗೆ ಪ್ರದೇಶಕ್ಕೊಂದು. ಹೆಸರು ನೆನಪಿಡುವ ಕಷ್ಟ ಬೇಡ, 105 ಒತ್ತಿದರೆ ಕರೆ ನಿಮ್ಮ ಭಾಗದವರಿಗೇ ಹೋಗುತ್ತದೆ. ಮೀಟರ್ ಪಕ್ಕದ ಸೀಲ್ ಹಾಕಿದ ಫ್ಯೂಸು ಆ ಕಂಪನಿಯ ಸ್ವತ್ತು, ಅದನ್ನು ಯಾರಿಂದಲೂ ಬಿಚ್ಚಿಸಬೇಡಿ. ನಿಮ್ಮದು ಪ್ರೀಪೇ ಮೀಟರ್ ಆಗಿದ್ದರೆ, ಹಾಕಿದ ದುಡ್ಡು ಮುಗಿದಿದೆಯೇ ಎಂದೂ ನೋಡಿ.

ಮೀಟರಿನಿಂದ ಈಚೆಗಿನ ವೈರಿಂಗು ಮನೆ ಮಾಲೀಕರದ್ದು. ಅದನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆ ಮಾಲೀಕರ ಮೇಲೆ ಹಾಕಿದೆ. ಅದರ ಮೇಲೆ 2020ರಲ್ಲಿ ಇಂಗ್ಲೆಂಡಿಗೆ ಇನ್ನೊಂದು ನಿಯಮ ಬಂತು: ಬಾಡಿಗೆಗೆ ಕೊಟ್ಟ ಮನೆಯ ವೈರಿಂಗನ್ನು ಹೆಚ್ಚೆಂದರೆ 5 ವರ್ಷಕ್ಕೊಮ್ಮೆ ಅರ್ಹರಿಂದ ಪರೀಕ್ಷೆ ಮಾಡಿಸಬೇಕು, ಅದರ ವರದಿಯನ್ನು ಹೊಸ ಬಾಡಿಗೆದಾರರು ಮನೆಗೆ ಬರುವ ಮೊದಲೇ ಅವರ ಕೈಗೆ ಕೊಡಬೇಕು. ಈ ವರದಿಯನ್ನು ಇಲ್ಲಿ ಎಲ್ಲರೂ ಇಐಸಿಆರ್ ಎನ್ನುತ್ತಾರೆ. ಒಪ್ಪಂದದ ಜೊತೆ ಬಂದ ಇಮೇಲುಗಳಲ್ಲಿ ಹುಡುಕಿ, ಬಹಳ ಜನ ಅದನ್ನು ತೆರೆದೇ ನೋಡಿರುವುದಿಲ್ಲ. ಅದರಲ್ಲಿ ಸಿ1 ಎಂದಿದ್ದರೆ ಈಗಲೇ ಅಪಾಯವಿದೆ ಎಂದು, ಸಿ2 ಎಂದರೆ ಅಪಾಯ ಆಗುವ ಸಂಭವವಿದೆ ಎಂದು, ಎಫ್‌ಐ ಎಂದರೆ ಇನ್ನೂ ತಪಾಸಣೆ ಬೇಕೆಂದು. ಇವುಗಳಲ್ಲಿ ಒಂದಿದ್ದರೂ 28 ದಿನದೊಳಗೆ, ವರದಿಯೇ ಇನ್ನೂ ಕಡಿಮೆ ಸಮಯ ಹೇಳಿದ್ದರೆ ಅಷ್ಟರೊಳಗೆ, ಮಾಲೀಕರು ಕ್ರಮ ತೆಗೆದುಕೊಳ್ಳಬೇಕು. ಸಿ3 ಬರೀ ಸಲಹೆ.

ಬಚ್ಚಲಿನ ದೀಪದ ವಿಷಯ ಇವತ್ತೇ ಮಾಲೀಕರ ಪರವಾಗಿ ಮನೆ ನೋಡಿಕೊಳ್ಳುವ ಏಜೆಂಟ್‌ಗೆ ಇಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಯಾವ ದಿನದಿಂದ ಕೆಟ್ಟಿದೆ, ಬಲ್ಬ್ ಬದಲಿಸಿ ನೋಡಿದ್ದೀರಿ, ಮನೆಯಲ್ಲಿ ಚಿಕ್ಕ ಮಗುವಿದೆ, ಇಷ್ಟು ಬರೆದು ಫ್ಯೂಸ್ ಬಾಕ್ಸಿನ ಒಂದು ಫೋಟೋ ಹಾಕಿ. ಇಐಸಿಆರ್ ಕೈಗೆ ಬಂದೇ ಇಲ್ಲವಾದರೆ ಅದನ್ನೂ ಅದೇ ಇಮೇಲಿನಲ್ಲಿ ಕೇಳಿ. ಸಂಕೋಚ ಬೇಡ. ಬಾಡಿಗೆದಾರರು ಗೊಣಗಬಾರದು ಅನ್ನೋ ಅಭ್ಯಾಸ ನಮ್ಮಲ್ಲಿ ಆಳವಾಗಿದೆ, ಆದರೆ ಇಲ್ಲಿ ಇದನ್ನು ಯಾರೂ ಜಗಳ ಎಂದು ತಿಳಿಯುವುದಿಲ್ಲ. ಎಷ್ಟು ಬರೆದರೂ ಮಾಲೀಕರು ಕದಲದಿದ್ದರೆ ನಿಮ್ಮ ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ, ವಸತಿ ವಿಭಾಗಕ್ಕೆ ದೂರು ಕೊಡಬಹುದು. ಮಾಲೀಕರಿಗೆ ದಂಡ ಹಾಕುವ ಅಧಿಕಾರ ಅವರಿಗಿದೆ.

ಇನ್ನು ಮಿಕ್ಸಿ. ನನಗೆ ಅನುಮಾನ ಇರುವುದು ವೈರಿಂಗಿನ ಮೇಲಲ್ಲ, ಮಿಕ್ಸಿಯ ಮೇಲೆಯೇ. ಎರಡೂ ದೇಶದಲ್ಲಿ 230 ವೋಲ್ಟ್, 50 ಹರ್ಟ್ಸ್. ಆದ್ದರಿಂದ ಊರಿನ ಮಿಕ್ಸಿ ಇಲ್ಲಿ ಓಡುತ್ತದೆ. ಆದರೆ ಇಲ್ಲಿನ ಫ್ಯೂಸ್ ಬಾಕ್ಸಿನಲ್ಲಿ ಆರ್‌ಸಿಡಿ ಎಂಬ ಸ್ವಿಚ್ಚಿದೆ. ಫೇಸಿನಲ್ಲಿ ಹೋದ ಕರೆಂಟೆಲ್ಲ ನ್ಯೂಟ್ರಲ್‌ನಲ್ಲಿ ವಾಪಸು ಬರುತ್ತಿದೆಯೇ ಎಂದು ಅದು ಸದಾ ಲೆಕ್ಕ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್‌ನಷ್ಟು ಬೇರೆ ಕಡೆ ಸೋರಿದರೆ ಸಾಕು, ತಕ್ಷಣ ಲೈನ್ ಕಡಿಯುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ಬಹಳ ಕಡೆ ಈ ಕಾವಲೇ ಇರುವುದಿಲ್ಲ. ಹಾಗಾಗಿ ಒಳಗೆ ತೇವ ಸೇರಿ, ಇನ್ಸುಲೇಶನ್ ಸವೆದು, ಸ್ವಲ್ಪ ಸ್ವಲ್ಪ ಸೋರುತ್ತಿರುವ ಮಿಕ್ಸಿ ಅಲ್ಲಿ ವರ್ಷಗಟ್ಟಲೆ ರುಬ್ಬಿರುತ್ತದೆ, ಇಲ್ಲಿ ಒಂದು ನಿಮಿಷ ನಿಲ್ಲುವುದಿಲ್ಲ. ಮನೆ ಕೆಟ್ಟಿದೆ ಎಂದುಕೊಳ್ಳುವ ಮೊದಲು ಹೀಗೆ ಮಾಡಿ: ಅಡುಗೆಮನೆಯ ಎಲ್ಲ ಪ್ಲಗ್ಗುಗಳನ್ನೂ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಕೀಳಲೇಬೇಕು. ಆರ್‌ಸಿಡಿ ಮೇಲೆತ್ತಿ. ನಿಂತರೆ ಒಂದೊಂದೇ ಉಪಕರಣ ಹಾಕುತ್ತ ಬನ್ನಿ, ಯಾವುದು ಹಾಕಿದಾಗ ಬೀಳುತ್ತದೋ ಅದೇ ಕಳ್ಳ. ಕೆಟಲ್, ವಾಷಿಂಗ್ ಮಷೀನ್, ಫ್ರಿಜ್ ಕೂಡ ಹೀಗೆ ಮಾಡುವುದುಂಟು. ಏನೂ ಹಾಕದೆಯೂ ಬಿದ್ದರೆ ಆಗ ವೈರಿಂಗಿನದೇ ತೊಂದರೆ, ಏಜೆಂಟ್ ಜನ ಕಳಿಸಲೇಬೇಕು. ಮಿಕ್ಸಿಯೇ ಕಾರಣ ಎಂದಾದರೆ ಅದನ್ನು ತೆಗೆದಿಡಿ. ಆರ್‌ಸಿಡಿಯನ್ನು ಬೈಯಬೇಡಿ, ನಿಮ್ಮ ಕೈಗೆ ಶಾಕ್ ಹೊಡೆಯುವ ಮೊದಲೇ ಅದು ಹೇಳಿದೆ.

ಕೆಲವೊಮ್ಮೆ ಬೀಳುವುದು ಆರ್‌ಸಿಡಿಯಲ್ಲ, ಪಕ್ಕದ ಚಿಕ್ಕ ಎಂಸಿಬಿ, ಅಂದರೆ ಒಂದೊಂದು ಲೈನಿಗೆ ಇರುವ ಸ್ವಿಚ್ಚು. ಅದು ಹೆಚ್ಚು ಲೋಡಿನ ಇಲ್ಲವೇ ಶಾರ್ಟ್ ಸರ್ಕ್ಯೂಟಿನ ಗುರುತು. ಇಲ್ಲಿನ ಪ್ಲಗ್ಗಿನೊಳಗೆ ಹೆಚ್ಚೆಂದರೆ 13 ಆಂಪ್ ಫ್ಯೂಸು, ಅಂದರೆ ಸುಮಾರು 3,000 ವಾಟ್. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ರೂಮ್ ಹೀಟರೂ ಕೆಟಲ್ಲೂ ಸಿಕ್ಕಿಸಬೇಡಿ, ಚಳಿಗಾಲದಲ್ಲಿ ಇದನ್ನು ಹೊಸಬರ ಮನೆಗಳಲ್ಲಿ ನೋಡಿ ನೋಡಿ ಹೆದರಿದ್ದೇನೆ. ಸುಟ್ಟ ವಾಸನೆ ಬಂದರೆ ಅಥವಾ ಸಾಕೆಟ್ ಬಿಸಿಯಾಗಿ ಕಂದಿದ್ದರೆ ಪರೀಕ್ಷೆ ಗಿರೀಕ್ಷೆ ಬಿಟ್ಟು ಮೇನ್ ಸ್ವಿಚ್ ಆರಿಸಿ. ಹೊಗೆ, ಬೆಂಕಿ ಕಂಡರೆ ಮನೆಯಿಂದ ಹೊರಗೆ ಬಂದು ತುರ್ತು ಸಂಖ್ಯೆ 999ಕ್ಕೆ ಫೋನು ಮಾಡಿ.

ಸ್ವಂತ ಮನೆ ಆದಮೇಲೆ ಹುಡುಕುವ ಕೆಲಸ ನಿಜವಾಗಿ ನಿಮ್ಮದಾಗುತ್ತದೆ. ಇಲ್ಲಿ ಗೊತ್ತಿರಬೇಕಾದ ಒಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ: ಎಲೆಕ್ಟ್ರಿಷಿಯನ್ ಎಂದು ವ್ಯಾನಿನ ಮೇಲೆ ಯಾರು ಬೇಕಾದರೂ ಬರೆಸಿಕೊಳ್ಳಬಹುದು. ಆದ್ದರಿಂದ ಎನ್‌ಐಸಿಇಐಸಿ ಅಥವಾ ನ್ಯಾಪಿಟ್‌ನಂಥ ಸಂಸ್ಥೆಯಲ್ಲಿ ನೋಂದಾಯಿಸಿದವರನ್ನೇ ಕರೆಸಿ. ಅವರ ವೆಬ್‌ಸೈಟಿನಲ್ಲಿ ನಿಮ್ಮ ಪೋಸ್ಟ್‌ಕೋಡ್ ಹಾಕಿದರೆ ಹತ್ತಿರದವರ ಪಟ್ಟಿ ಬರುತ್ತದೆ. ಪರಿಚಯದವರು ಹೇಳಿದ ಹೆಸರಾದರೂ ಅಲ್ಲಿ ಹಾಕಿ ನೋಡಿ. ವ್ಯಾನಿನ ಮೇಲಿನ ಲೋಗೋ ನಂಬಿ ಕೂರಬೇಡಿ. ನಮ್ಮ ಕನ್ನಡದ ವಾಟ್ಸಾಪ್ ಗುಂಪುಗಳಲ್ಲಿ ಒಳ್ಳೆಯವರ ಹೆಸರು ಸಿಗುತ್ತದೆ ನಿಜ. ಜೊತೆಗೇ, ನಮ್ಮವನೇ ಒಬ್ಬ ಶನಿವಾರ ಬಂದು ನಗದಿಗೆ ಮಾಡಿಕೊಡುತ್ತಾನೆ ಎನ್ನುವ ಮಾತೂ ಬರುತ್ತದೆ. ಅವನ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ನೋಂದಣಿಯಿಲ್ಲದಿದ್ದರೆ ಅವನಿಂದ ಕಾಗದ ಬರುವುದಿಲ್ಲ, ಇಲ್ಲಿ ಕಾಗದವಿಲ್ಲದ ಕೆಲಸಕ್ಕೆ ಬೆಲೆಯಿಲ್ಲ.

ಕಾಗದ ಯಾಕೆ ಅಂದರೆ, 2005ರಿಂದ ಮನೆಯ ವಿದ್ಯುತ್ ಕೆಲಸ ಕಟ್ಟಡ ನಿಯಮಗಳ ಕೆಳಗೆ ಬಂದಿದೆ, ಪಾರ್ಟ್ ಪಿ ಎನ್ನುತ್ತಾರೆ. 2013ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಸ್ವಲ್ಪ ಸಡಿಲಿಸಿದರು. ಈಗ ಹಳೆ ಸಾಕೆಟ್ ತೆಗೆದು ಅದೇ ಜಾಗಕ್ಕೆ ಹೊಸದು ಹಾಕಲು ಯಾರಿಗೂ ತಿಳಿಸಬೇಕಿಲ್ಲ. ಹೊಸ ಸರ್ಕ್ಯೂಟ್ ಎಳೆದರೆ, ಫ್ಯೂಸ್ ಬಾಕ್ಸ್ ಬದಲಿಸಿದರೆ, ಸ್ನಾನದ ಟಬ್ಬು ಅಥವಾ ಶವರ್ ಸುತ್ತಮುತ್ತ ಇರುವ ಲೈನಿಗೆ ಏನಾದರೂ ಸೇರಿಸಿದರೆ ಕೌನ್ಸಿಲ್‌ಗೆ ತಿಳಿಸಲೇಬೇಕು. ನೋಂದಾಯಿತರಾದರೆ ಆ ಕೆಲಸ ಅವರೇ ಮಾಡುತ್ತಾರೆ, ಸಂಸ್ಥೆಯ ಮೂಲಕ ಪ್ರಮಾಣಪತ್ರ ನಿಮಗೆ ಬರುತ್ತದೆ. ನೋಂದಾಯಿತರಲ್ಲದವರಿಂದ ಮಾಡಿಸಿದರೆ ಕೆಲಸ ಶುರುವಾಗುವ ಮೊದಲೇ ಕೌನ್ಸಿಲ್‌ಗೆ ಅರ್ಜಿ, ಶುಲ್ಕ, ಎಲ್ಲ ನಿಮ್ಮ ತಲೆಮೇಲೆ. ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಈ ಪತ್ರವನ್ನೇ ಕೇಳುತ್ತಾರೆ. ಸ್ಕಾಟ್ಲೆಂಡಿನ ಪದ್ಧತಿ ಬೇರೆ, ಅಲ್ಲಿಗೆ ಹೋಗುವ ಯೋಚನೆಯಿದ್ದರೆ ಪ್ರತ್ಯೇಕವಾಗಿ ಕೇಳಿ.

ದರದ ಬಗ್ಗೆ ನಾನು ಒಂದು ಅಂಕಿ ಹೇಳಿದರೆ ಅದು ನಿಮ್ಮ ಊರಿಗೆ ಸುಳ್ಳಾಗುತ್ತದೆ. ಲಂಡನ್ನಿಗೂ ಉತ್ತರದ ಊರುಗಳಿಗೂ ಬಹಳ ಅಂತರವಿದೆ. ಕೇಳಬೇಕಾದ ಪ್ರಶ್ನೆಗಳು ಮಾತ್ರ ಎಲ್ಲ ಕಡೆ ಒಂದೇ. ಮನೆಗೆ ಬರುವುದಕ್ಕೇ ಎಷ್ಟು, ಮೊದಲ ಗಂಟೆಗೆ ಎಷ್ಟು, ಆಮೇಲೆ ಅರ್ಧ ಗಂಟೆಯ ಲೆಕ್ಕವೋ ಪೂರ್ತಿ ಗಂಟೆಯದೋ, ಪಾರ್ಕಿಂಗ್ ದುಡ್ಡು ಯಾರದು, ಹೇಳಿದ ಬೆಲೆಯಲ್ಲಿ 20 ಶೇಕಡಾ ವ್ಯಾಟ್ ಸೇರಿದೆಯೋ. ಎಸ್ಟಿಮೇಟ್ ಕೊಟ್ಟರೆ ಅದು ಬರೀ ಅಂದಾಜು, ಏರಬಹುದು. ದೊಡ್ಡ ಕೆಲಸಕ್ಕೆ ಬರವಣಿಗೆಯಲ್ಲಿ ಕೋಟ್, ಅಂದರೆ ನಿಗದಿ ಬೆಲೆ, ತೆಗೆದುಕೊಳ್ಳಿ, ಅದೂ ಎರಡು ಮೂರು ಜನರಿಂದ. ರಾತ್ರಿ ಹೊತ್ತು ಗಾಬರಿಯಲ್ಲಿ ಗೂಗಲ್ ಮಾಡಿದಾಗ ಮೇಲೆ ಬರುವ 24 ಗಂಟೆ ಸೇವೆಯ ಜಾಹೀರಾತುಗಳಿಂದ ದೂರ ಇರಿ. ಅವುಗಳಲ್ಲಿ ಎಷ್ಟೋ ಕೆಲಸವನ್ನು ಬೇರೆಯವರಿಗೆ ದಾಟಿಸುವ ಕಾಲ್ ಸೆಂಟರುಗಳು, ಬರುವವನು ಯಾರು ಎಂದು ಅವರಿಗೇ ಗೊತ್ತಿರುವುದಿಲ್ಲ. ಅಪಾಯವಿಲ್ಲದಿದ್ದರೆ ಆ ಲೈನಿನ ಎಂಸಿಬಿ ಆರಿಸಿ ಬೆಳಗಿನವರೆಗೆ ಕಾಯಿರಿ.

ಪೂರ್ತಿ ದುಡ್ಡು ಮುಂಗಡ ಕೊಡಬೇಡಿ. ಸಾಮಾನಿಗೆಂದು ಒಂದಿಷ್ಟು ಕೇಳುವುದು ಸಹಜ, ಅದನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಡಲು ಆದರೆ ಒಳ್ಳೆಯದು. ಕೆಲಸದ ಬೆಲೆ 100 ಪೌಂಡಿಗಿಂತ ಹೆಚ್ಚಿದ್ದು ಎಡವಟ್ಟಾದರೆ ಕಾರ್ಡ್ ಕಂಪನಿಯ ಹತ್ತಿರವೂ ಕೇಳುವ ಹಕ್ಕು ನಿಮಗಿರುತ್ತದೆ. ಕೆಲಸ ತಕ್ಕಷ್ಟು ಎಚ್ಚರ, ಕೌಶಲದಿಂದ ನಡೆಯಬೇಕೆಂದು 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಹೇಳುತ್ತದೆ. ಸರಿಯಾಗದಿದ್ದರೆ ಮತ್ತೆ ಬಂದು ಸರಿಮಾಡಿ ಎಂದು ಧೈರ್ಯವಾಗಿ ಬರೆಯಿರಿ.

ನಿಮ್ಮ ಯಜಮಾನರಿಗೆ ಊರಲ್ಲಿ ಸಣ್ಣಪುಟ್ಟ ವೈರಿಂಗ್ ಮಾಡಿ ಅಭ್ಯಾಸ ಎಂದು ಬರೆದಿದ್ದೀರಿ. ದಯವಿಟ್ಟು ಅವರಿಗೆ ಇದನ್ನು ಓದಿ ಹೇಳಿ. ಊರಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಇಲ್ಲೂ ಹಳೆಯ ಮನೆಗಳಲ್ಲಿ ಹಾಗೇ ಇತ್ತು. 2004ರಿಂದ ಬಣ್ಣ ಬದಲಾಗಿ, 2006ರಿಂದ ಹೊಸ ಕೆಲಸಕ್ಕೆಲ್ಲ ಕಡ್ಡಾಯವಾಯಿತು: ಕಂದು ಫೇಸ್, ನೀಲಿ ನ್ಯೂಟ್ರಲ್. ಆದರೆ ಮೆಟ್ಟಿಲಿನ ದೀಪಕ್ಕೆ ಎರಡು ಕಡೆ ಸ್ವಿಚ್ ಕೊಡಲು ಎಳೆಯುವ ಹೊಸ ಕೇಬಲ್ಲಿನಲ್ಲಿ ಕಂದು, ಕಪ್ಪು, ಬೂದು ಬಣ್ಣಗಳಿರುತ್ತವೆ, ಅಲ್ಲಿ ಕಪ್ಪು ತಂತಿಯಲ್ಲೂ ಫೇಸ್ ಬರುತ್ತದೆ. ಹಳೆಯದೂ ಹೊಸದೂ ಸೇರಿಕೊಂಡ ಮನೆಯಲ್ಲಿ ಬಣ್ಣ ನೋಡಿ ಕೈ ಹಾಕಿದರೆ ಜೀವಕ್ಕೇ ಸಂಚಕಾರ.

ಕೊನೆಯದಾಗಿ, ಮನೆ ಕೊಳ್ಳುವಾಗ ಮಾಡಿಸುವ ಸರ್ವೆಯಲ್ಲಿ ಸರ್ವೇಯರ್ ವೈರಿಂಗನ್ನು ಕಣ್ಣಲ್ಲಿ ನೋಡುತ್ತಾರೆ ಅಷ್ಟೇ, ಪರೀಕ್ಷೆ ಮಾಡುವುದಿಲ್ಲ. ಮನೆ ಹಳೆಯದಾದರೆ ಬೆಲೆ ಅಂತಿಮವಾಗುವ ಮೊದಲೇ ನೀವೇ ದುಡ್ಡು ಕೊಟ್ಟು ಇಐಸಿಆರ್ ಮಾಡಿಸಿ. ಮರದ ಹಲಗೆಯ ಮೇಲೆ ಕೂರಿಸಿದ, ತಂತಿ ಕಟ್ಟುವ ಹಳೆಯ ಫ್ಯೂಸ್ ಬಾಕ್ಸ್ ಕಂಡರಂತೂ ಬಿಡಲೇಬೇಡಿ. ಇಡೀ ಮನೆ ರೀವೈರಿಂಗ್ ಅಂದರೆ ಗೋಡೆ ಕೊರೆದು, ನೆಲದ ಹಲಗೆ ಎಬ್ಬಿಸಿ ಮಾಡುವ ಕೆಲಸ, ಸಾವಿರಾರು ಪೌಂಡಿನ ಮಾತು. ವರದಿ ಕೈಯಲ್ಲಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಎಂದು ಕೇಳಬಹುದು. ಕೀಲಿ ಕೈಗೆ ಬಂದಮೇಲೆ ಕೇಳಲು ಯಾರೂ ಇರುವುದಿಲ್ಲ.